ಬಾಳೆಗೆ ಆದದ್ದು ಅಡಿಕೆಗೆ ಏಕೆ ಆಗುತ್ತಿಲ್ಲ? ಗಾಜಿನ ಬಾಟಲಿಯೊಳಗಿನ ಕೋಶ ವಿಭಜನೆಯ ಲೆಕ್ಕ

ಸುಳ್ಯ, ಶೃಂಗೇರಿ, ಕೊಪ್ಪದ ಕಡೆಯ ಅಡಿಕೆ ಬೆಳೆಗಾರರು ಕೆಲವು ವರ್ಷಗಳಿಂದ ಒಂದು ಸುದ್ದಿಯನ್ನು ಮತ್ತೆ ಮತ್ತೆ ಓದುತ್ತಿದ್ದಾರೆ. ಹಳದಿ ಎಲೆ ರೋಗದ ನಡುವೆಯೂ ಹಸಿರಾಗಿ ಉಳಿದ ಮರಗಳನ್ನು ಗುರುತಿಸಿ, ಅವುಗಳಿಂದ ಟಿಶ್ಯೂ ಕಲ್ಚರ್ ಸಸಿ ಮಾಡುವ ಕೆಲಸ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ, ಅಂದರೆ ಸಿಪಿಸಿಆರ್‌ಐಯಲ್ಲಿ ನಡೆಯುತ್ತಿದೆ ಎಂಬುದು ಆ ಸುದ್ದಿ. ಓದಿದಾಗಲೆಲ್ಲ ಆಸೆ ಚಿಗುರುತ್ತದೆ. ಮರುವರ್ಷ ಅದೇ ಸುದ್ದಿ ಇನ್ನಷ್ಟು ವಿವರಗಳೊಂದಿಗೆ ಬರುತ್ತದೆ. ಇತ್ತ ತೋಟದಲ್ಲಿ ಹಳದಿ ಹಬ್ಬುತ್ತಲೇ ಇರುತ್ತದೆ.

ಬೆಳೆಗಾರರ ಪ್ರಶ್ನೆ ಸರಳವಾಗಿದೆ, ನ್ಯಾಯವಾಗಿಯೂ ಇದೆ. ಜಿ-9 ಬಾಳೆಯ ಟಿಶ್ಯೂ ಕಲ್ಚರ್ ಸಸಿ ಬೇಕೆಂದರೆ ಫೋನು ಮಾಡಿದರೆ ಸಾಕು, ಸಾವಿರಗಟ್ಟಲೆ ಸಸಿ ಟ್ರೇಗಳಲ್ಲಿ ಬಂದು ಇಳಿಯುತ್ತವೆ. ಹಾಗಿದ್ದ ಮೇಲೆ ಅಡಿಕೆಗೆ ಏಕಿಷ್ಟು ತಡ? ಹಣದ ಕೊರತೆಯೋ, ಮನಸ್ಸಿನ ಕೊರತೆಯೋ?

ಎರಡೂ ಒಂದಿಷ್ಟು ಇರಬಹುದು. ಆದರೆ ಮುಖ್ಯ ಕಾರಣ ಇರುವುದು ಬೇರೆ ಕಡೆ. ಬಾಟಲಿಯೊಳಗಿನ ಸಸ್ಯಕೋಶವನ್ನು ಇಬ್ಭಾಗವಾಗುವಂತೆ ಮಾಡುವ ರಾಸಾಯನಿಕಗಳು ಬಾಳೆಯ ಮೇಲೆ ಮಾಡುವ ಕೆಲಸವೇ ಬೇರೆ, ಅಡಿಕೆಯ ಮೇಲೆ ಮಾಡುವ ಕೆಲಸವೇ ಬೇರೆ. ಈ ವ್ಯತ್ಯಾಸ ತಿಳಿಯದಿದ್ದರೆ ತಡವಾಗಿದ್ದಕ್ಕೆ ಸಿಟ್ಟು ಬರುವುದು ಸಹಜ. ತಿಳಿದ ಮೇಲೂ ಸಿಟ್ಟು ಉಳಿಯಬಹುದು, ಆದರೆ ಆಗ ಯಾರನ್ನು ಏನು ಕೇಳಬೇಕೆಂಬುದು ಸ್ಪಷ್ಟವಾಗುತ್ತದೆ.

ಕಸಿಯೂ ಅಲ್ಲ, ಕುಲಾಂತರಿಯೂ ಅಲ್ಲ

ಪತ್ರಿಕೆಗಳು ಟಿಶ್ಯೂ ಕಲ್ಚರನ್ನು ಹಲವು ಬಾರಿ ‘ಅಂಗಾಂಶ ಕಸಿ’ ಎಂದು ಬರೆಯುತ್ತವೆ. ಕಸಿ ಎಂದರೆ ಒಂದು ಗಿಡದ ಬುಡಕ್ಕೆ ಇನ್ನೊಂದರ ಕಡ್ಡಿ ಕೂಡಿಸುವುದು. ಇಲ್ಲಿ ಕೂಡಿಸುವುದೇನೂ ಇಲ್ಲ. ತಾಯಿಗಿಡದ ಒಂದು ಚೂರನ್ನು ಕ್ರಿಮಿರಹಿತ ಮಾಡಿ, ಲವಣ, ಸಕ್ಕರೆ, ಜೀವಸತ್ವ ಮತ್ತು ಚಿಟಿಕೆಯಷ್ಟು ಹಾರ್ಮೋನು ಬೆರೆಸಿದ ಮಾಧ್ಯಮದಲ್ಲಿಟ್ಟು ಬೆಳೆಸುವುದು ಅಂಗಾಂಶ ಕೃಷಿ. ಹೊರಗಿನ ವಂಶವಾಹಿ ಸೇರಿಸುವುದಿಲ್ಲವಾದ್ದರಿಂದ ಇದು ಕುಲಾಂತರಿ ತಂತ್ರವೂ ಅಲ್ಲ.

ಇನ್ನೊಂದು ಗೊಂದಲ ಇದಕ್ಕಿಂತ ದುಬಾರಿ. ಟಿಶ್ಯೂ ಕಲ್ಚರ್ ಸಸಿ ಎಂದರೆ ರೋಗನಿರೋಧಕ ಸಸಿ ಎಂದು ನಂಬಿದವರು ಬಹಳ ಮಂದಿ. ಸರಿಯಾಗಿ ಪರೀಕ್ಷಿಸಿ ಮಾಡಿದ ಸಸಿ ರೋಗಮುಕ್ತವಾಗಿರುತ್ತದೆ, ಅಷ್ಟೆ. ನಂಜನಗೂಡು ರಸಬಾಳೆಯ ಸಸಿಯನ್ನು ಎಷ್ಟೇ ಶುದ್ಧವಾದ ಬಾಟಲಿಯಲ್ಲಿ ಬೆಳೆಸಿದರೂ, ಪನಾಮಾ ಸೊರಗು ರೋಗದ ಶಿಲೀಂಧ್ರ ತುಂಬಿದ ಮಣ್ಣಿಗೆ ಇಟ್ಟರೆ ಅದು ಮತ್ತೆ ಸೊರಗುತ್ತದೆ. ತಾಯಿಯಲ್ಲಿ ಇಲ್ಲದ ತಾಳಿಕೆಯನ್ನು ಬಾಟಲಿ ಕೊಡಲಾರದು. ಹಳದಿ ಎಲೆ ರೋಗದ ವಿಚಾರಕ್ಕೂ ಇದೇ ನಿಯಮ, ಅದಕ್ಕೆ ಮುಂದೆ ಮರಳಿ ಬರೋಣ.

ತಂಬಾಕಿನ ತಿರುಳು, ಹಳೆಯ ಡಿಎನ್‌ಎ ಬಾಟಲಿ

ಗಿಡದ ಒಂದೊಂದು ಕೋಶಕ್ಕೂ ಇಡೀ ಗಿಡವಾಗುವ ಶಕ್ತಿ ಇರಬೇಕು ಎಂಬ ಆಲೋಚನೆಯಿಂದ ಗಾಟ್ಲೀಬ್ ಹೇಬರ್‌ಲಾಂಟ್ ಬಿಡಿ ಕೋಶಗಳನ್ನು ಮಾಧ್ಯಮದಲ್ಲಿಟ್ಟು ನೋಡಿದ್ದು 1902ರಲ್ಲಿ ಪ್ರಕಟವಾಯಿತು. ಕೋಶಗಳು ಬದುಕಿದವು, ಹಿಗ್ಗಿದವು, ಆದರೆ ಒಂದೂ ಎರಡಾಗಲಿಲ್ಲ. ಏನೋ ಒಂದು ಸೂಚನೆ ಕಾಣೆಯಾಗಿತ್ತು. ಅದನ್ನು ಹುಡುಕಲು ಅರ್ಧ ಶತಮಾನವೇ ಹಿಡಿಯಿತು.

ಮೊದಲ ಸುಳಿವು ಕೊಟ್ಟದ್ದು ನಮ್ಮ ತೋಟದಲ್ಲೂ ಇರುವ ವಸ್ತು, ತೆಂಗಿನಕಾಯಿಯ ನೀರು. 1941ರಲ್ಲಿ ಯೋಹಾನೆಸ್ ವಾನ್ ಓವರ್‌ಬೀಕ್ ಮತ್ತು ಸಂಗಡಿಗರು ದತ್ತೂರದ ಎಳೆಯ ಭ್ರೂಣಗಳಿಗೆ ಅದನ್ನು ಕೊಟ್ಟಾಗ, ಸಾಯುತ್ತಿದ್ದ ಭ್ರೂಣಗಳು ಬೆಳೆದವು. ಯೋಚಿಸಿದರೆ ಇದರಲ್ಲಿ ಅಚ್ಚರಿಯಿಲ್ಲ. ಕಾಯಿಯೊಳಗಿನ ನೀರು ಇರುವುದೇ ತೆಂಗಿನ ಭ್ರೂಣವನ್ನು ಸಾಕಲು. ಕೋಶಗಳನ್ನು ವಿಭಜನೆಗೆ ಹಚ್ಚುವ ಅಂಶ ಅದರಲ್ಲಿ ಇರಲೇಬೇಕಿತ್ತು. ಆದರೆ ಆ ಅಂಶ ಯಾವುದೆಂದು ಆಗ ಹೇಳುವಂತಿರಲಿಲ್ಲ.

ಉತ್ತರ ಸಿಕ್ಕಿದ್ದು ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ. ಫೋಕ್ ಸ್ಕೂಗ್ ಅವರ ಪ್ರಯೋಗಾಲಯದಲ್ಲಿ ತಂಬಾಕು ಕಾಂಡದ ತಿರುಳನ್ನು ಬೆಳೆಸುತ್ತಿದ್ದರು. ಬೆಳವಣಿಗೆಯ ಹಾರ್ಮೋನಾದ ಆಕ್ಸಿನ್ ಒಂದನ್ನೇ ಕೊಟ್ಟರೆ ತಿರುಳಿನ ಕೋಶಗಳು ಉಬ್ಬುತ್ತಿದ್ದವು, ಆದರೆ ವಿಭಜನೆ ಮುಂದುವರಿಯುತ್ತಿರಲಿಲ್ಲ. ಕಾರ್ಲೋಸ್ ಮಿಲ್ಲರ್ ಬಗೆಬಗೆಯ ಸಾರಗಳನ್ನು ಸೇರಿಸಿ ನೋಡುತ್ತಿದ್ದಾಗ, ಕಪಾಟಿನಲ್ಲಿ ಬಹುಕಾಲ ಕುಳಿತಿದ್ದ ಹೆರಿಂಗ್ ಮೀನಿನ ವೀರ್ಯದ ಡಿಎನ್‌ಎ ಕೆಲಸ ಮಾಡಿತು. ಕೋಶಗಳು ಎರಡಾದವು, ನಾಲ್ಕಾದವು. ಹೊಸ ಡಿಎನ್‌ಎ ತರಿಸಿ ಹಾಕಿದರೆ ಏನೂ ಆಗಲಿಲ್ಲ! ಕೊನೆಗೆ ಹೊಸ ಡಿಎನ್‌ಎಯನ್ನು ಆಟೋಕ್ಲೇವ್‌ನಲ್ಲಿ ಒತ್ತಡದ ಹಬೆಗೆ ಒಡ್ಡಿದಾಗ ಅದಕ್ಕೂ ಆ ಗುಣ ಬಂತು. ಅಂದರೆ ಪರಿಣಾಮ ಡಿಎನ್‌ಎಯದಾಗಿರಲಿಲ್ಲ, ಡಿಎನ್‌ಎ ಹಳತಾಗಿ ಅಥವಾ ಕಾದು ಮುರಿದಾಗ ಹುಟ್ಟುವ ಒಂದು ಸಣ್ಣ ಅಣುವಿನದಾಗಿತ್ತು. 1955ರಲ್ಲಿ ಅದನ್ನು ಬೇರ್ಪಡಿಸಿ ಕೈನೆಟಿನ್ ಎಂದು ಹೆಸರಿಟ್ಟರು. ಕೆಲವು ವರ್ಷಗಳ ನಂತರ ಎಳೆಯ ಮೆಕ್ಕೆಜೋಳದ ಕಾಳುಗಳಿಂದ ಝೀಯಾಟಿನ್ ಸಿಕ್ಕಿತು. ಗಿಡಗಳೇ ತಯಾರಿಸಿಕೊಳ್ಳುವ ಇಂಥ ಹಾರ್ಮೋನುಗಳೂ, ಅವುಗಳಂತೆ ವರ್ತಿಸುವ ಕೃತಕ ವಸ್ತುಗಳೂ ಸೇರಿದ ಗುಂಪನ್ನು ಈಗ ಸೈಟೋಕೈನಿನ್ ಎಂದು ಕರೆಯುತ್ತಾರೆ.

1957ರಲ್ಲಿ ಸ್ಕೂಗ್ ಮತ್ತು ಮಿಲ್ಲರ್ ತೋರಿಸಿಕೊಟ್ಟ ಸಂಗತಿ ಇನ್ನೂ ದೊಡ್ಡದು. ಮಾಧ್ಯಮದಲ್ಲಿ ಆಕ್ಸಿನ್ ಹೆಚ್ಚಿದ್ದು ಕೈನೆಟಿನ್ ಕಡಿಮೆಯಿದ್ದರೆ ತಂಬಾಕಿನ ಅಂಗಾಂಶ ಬೇರು ಬಿಡುತ್ತದೆ. ಕೈನೆಟಿನ್ ಹೆಚ್ಚಿದ್ದರೆ ಚಿಗುರುತ್ತದೆ. ಎರಡೂ ಸಮತೂಕದಲ್ಲಿದ್ದರೆ ಬೇರೂ ಇಲ್ಲದ, ಚಿಗುರೂ ಇಲ್ಲದ ಕೋಶಗಳ ಮುದ್ದೆಯಾಗುತ್ತದೆ. ಆ ಮುದ್ದೆಯೇ ಕ್ಯಾಲಸ್. ಕೋಶ ಏನಾಗಬೇಕೆಂಬುದನ್ನು ತೀರ್ಮಾನಿಸುವುದು ಒಂದು ರಾಸಾಯನಿಕದ ಪ್ರಮಾಣಕ್ಕಿಂತ ಹೆಚ್ಚಾಗಿ ಎರಡರ ಅನುಪಾತ.

ಸ್ಕೂಗ್ ಅವರ ಶಿಷ್ಯ ತೋಶಿಯೊ ಮುರಾಶಿಗೆ ಎಂಬವರು ಇನ್ನೊಂದು ಕೊರತೆ ನೀಗಿಸಿದರು. ತಂಬಾಕು ಎಲೆಯ ಸಾರದಲ್ಲಿ ಹೊಸ ಹಾರ್ಮೋನು ಇದೆಯೇ ಎಂದು ಹುಡುಕುತ್ತಿದ್ದಾಗ, ಬೆಳವಣಿಗೆ ಹೆಚ್ಚಲು ಮುಖ್ಯ ಕಾರಣ ಸಾರದಲ್ಲಿದ್ದ ಲವಣಗಳು ಎಂದು ಅವರಿಗೆ ಗೊತ್ತಾಯಿತು. 1962ರಲ್ಲಿ ಇಬ್ಬರೂ ಪ್ರಕಟಿಸಿದ, ಅವರ ಹೆಸರಿನದೇ ಆದ ಎಂಎಸ್ (ಮುರಾಶಿಗೆ-ಸ್ಕೂಗ್) ಮಾಧ್ಯಮದಲ್ಲಿ ಲೀಟರಿಗೆ 1,650 ಮಿಲಿಗ್ರಾಂ ಅಮೋನಿಯಂ ನೈಟ್ರೇಟ್, 1,900 ಮಿಲಿಗ್ರಾಂ ಪೊಟ್ಯಾಸಿಯಂ ನೈಟ್ರೇಟ್, 30 ಗ್ರಾಂ ಸಕ್ಕರೆ. ಇಂದು ಬಾಳೆಯಿಂದ ಆರ್ಕಿಡ್‌ವರೆಗೆ ಎಷ್ಟೋ ಬೆಳೆಗಳಿಗೆ ಇದೇ ಬುನಾದಿ.

ಕೋಶದೊಳಗೆ ಆಗುವುದೇನು?

ಕೋಶ ಎರಡಾಗುವ ಮೊದಲು ಎರಡು ಬಾಗಿಲು ದಾಟಬೇಕು. ಮೊದಲನೆಯದು ತನ್ನ ಡಿಎನ್‌ಎಯನ್ನು ನಕಲು ಮಾಡಲು ಶುರು ಮಾಡುವ ಹಂತ. ಎರಡನೆಯದು ನಕಲಾದ ವರ್ಣತಂತುಗಳನ್ನು ಎರಡು ಪಾಲು ಮಾಡುವ ಹಂತ. ಈ ಬಾಗಿಲುಗಳನ್ನು ತೆರೆಯುವುದು ಎರಡು ಪ್ರೋಟೀನುಗಳ ಜೋಡಿ. ಒಂದು ಕೈನೇಸ್ ಎಂಬ ಕಿಣ್ವ, ಇನ್ನೊಂದು ಅದಕ್ಕೆ ಚಾಲನೆ ಕೊಡುವ ಸೈಕ್ಲಿನ್. ಒಂದಿದ್ದು ಇನ್ನೊಂದಿಲ್ಲದಿದ್ದರೆ ಬಾಗಿಲು ಅಲುಗುವುದಿಲ್ಲ.

ತಂಬಾಕಿನ ತಿರುಳಿಗೆ ಎರಡೂ ಹಾರ್ಮೋನು ಏಕೆ ಬೇಕಾಯಿತೆಂಬುದು ಇಲ್ಲಿ ತಿಳಿಯುತ್ತದೆ. ಆಕ್ಸಿನ್ ಬಂದಾಗ ಕೋಶದಲ್ಲಿ ಕೈನೇಸ್ ಹೆಚ್ಚುತ್ತದೆ. ಸೈಟೋಕೈನಿನ್ ಬಂದಾಗ ಡಿ ಗುಂಪಿನ ಸೈಕ್ಲಿನ್ ಹೆಚ್ಚುತ್ತದೆ. 1999ರಲ್ಲಿ ಅರಾಬಿಡಾಪ್ಸಿಸ್ ಎಂಬ ಸಾಸಿವೆ ಜಾತಿಯ ಪುಟ್ಟ ಗಿಡದಲ್ಲಿ ಇದನ್ನು ನೇರವಾಗಿ ತೋರಿಸಿದರು. ಆ ಸೈಕ್ಲಿನ್ ಸದಾ ತಯಾರಾಗುತ್ತಿರುವಂತೆ ಗಿಡವನ್ನು ಬದಲಿಸಿದಾಗ, ಅದರ ಅಂಗಾಂಶ ಸೈಟೋಕೈನಿನ್ ಕೊಡದೆಯೇ ಕ್ಯಾಲಸ್ ಆಗಿ ಬೆಳೆಯಿತು. ಹಾರ್ಮೋನು ಮಾಡುತ್ತಿದ್ದದ್ದು ಸೈಕ್ಲಿನ್ ಹುಟ್ಟಿಸುವ ಕೆಲಸವನ್ನೇ ಎಂಬುದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕಿಲ್ಲ.

ವಿಭಜನೆಯನ್ನು ನಡುವೆ ತಡೆಯುವ ವಸ್ತುಗಳೂ ಇವೆ. ಕೋಲ್ಚಿಸಿನ್ ವರ್ಣತಂತುಗಳನ್ನು ಎಳೆದು ಬೇರ್ಪಡಿಸುವ ಎಳೆಗಳನ್ನೇ ಕಟ್ಟಲು ಬಿಡುವುದಿಲ್ಲ. ನಕಲಾದ ವರ್ಣತಂತುಗಳೆಲ್ಲ ಒಂದೇ ಕೋಶದಲ್ಲಿ ಉಳಿದು ಅವುಗಳ ಸಂಖ್ಯೆ ಇಮ್ಮಡಿಯಾಗುತ್ತದೆ. ಬೀಜವಿಲ್ಲದ ಕಲ್ಲಂಗಡಿ ಮಾಡುವಾಗ ಮೊದಲ ಹೆಜ್ಜೆ ಇದೇ.

ನಮ್ಮ ಪ್ರಶ್ನೆಗೆ ಮುಖ್ಯವಾದದ್ದು ಇಷ್ಟು: ಈ ರಾಸಾಯನಿಕಗಳು ಗೊಬ್ಬರದಂತೆ ಕೋಶದ ಹೊಟ್ಟೆ ತುಂಬಿಸುವುದಿಲ್ಲ. ಅವು ಸೂಚನೆಗಳು. ಸೂಚನೆ ಕೇಳಿಸಿಕೊಳ್ಳುವ ಸ್ಥಿತಿಯಲ್ಲಿ ಕೋಶ ಇರಬೇಕು. ಬಾಳೆಗೂ ಅಡಿಕೆಗೂ ಹಾದಿ ಬೇರೆಯಾಗುವುದು ಇಲ್ಲಿಯೇ.

ಬಾಳೆಯ ಅನುಕೂಲ

ಬಾಳೆ ತಾನಾಗಿಯೇ ಕಂದು ಒಡೆಯುವ ಗಿಡ. ಅದರ ಗೆಡ್ಡೆಯ ತುಂಬ ಸುಪ್ತ ಮೊಗ್ಗುಗಳಿವೆ. ಒಂದು ಕಂದಿನ ಬುಡದಿಂದ ಬೆಳೆಯುವ ತುದಿಯನ್ನು ಕತ್ತರಿಸಿ, ಬಿಎಪಿ ಎಂಬ ಸೈಟೋಕೈನಿನ್ ಬೆರೆಸಿದ ಮಾಧ್ಯಮದಲ್ಲಿಟ್ಟರೆ ಪಕ್ಕದ ಮೊಗ್ಗುಗಳು ಎಚ್ಚರಗೊಂಡು ಗುಂಪಾಗಿ ಚಿಗುರುತ್ತವೆ. ಗುಂಪನ್ನು ಬಿಡಿಸಿ ಹೊಸ ಬಾಟಲಿಗೆ ಹಾಕುತ್ತಾರೆ. ಸುಮಾರು ನಾಲ್ಕು ವಾರಕ್ಕೊಂದು ಸುತ್ತು. ಸುತ್ತಿಗೆ ಮೂರು ಪಟ್ಟು ಎಂದು ಹಿಡಿದರೂ ಎಂಟು ಸುತ್ತಿನಲ್ಲಿ ಒಂದು ಚಿಗುರಿನಿಂದ ಆರು ಸಾವಿರಕ್ಕೂ ಹೆಚ್ಚು ಚಿಗುರು. ಕೊನೆಗೆ ಆಕ್ಸಿನ್ ಇರುವ ಮಾಧ್ಯಮಕ್ಕೆ ಬದಲಿಸಿದರೆ ಬೇರು ಬರುತ್ತದೆ.

ಇಲ್ಲಿ ಗಮನಿಸಬೇಕಾದದ್ದು, ಕೋಶಗಳು ತಮ್ಮ ದಾರಿಯನ್ನು ಎಲ್ಲೂ ಬಿಡಲಿಲ್ಲ. ಚಿಗುರಾಗಲೆಂದೇ ಇದ್ದ ಕೋಶಗಳು ಚಿಗುರಾದವು. ಹಾರ್ಮೋನು ಮಾಡಿದ್ದು ಅವನ್ನು ಎಬ್ಬಿಸಿ ಅವಸರಪಡಿಸುವ ಕೆಲಸ. ಆದ್ದರಿಂದ ತಪ್ಪುಗಳು ಕಡಿಮೆ. ಕಡಿಮೆ ಎಂದರೆ ಇಲ್ಲವೆಂದಲ್ಲ. ಸುತ್ತುಗಳು ಹೆಚ್ಚಿದಂತೆ, ಬಿಎಪಿ ಪ್ರಮಾಣ ಏರಿದಂತೆ ತಾಯಿಯನ್ನು ಹೋಲದ ಗಿಡಗಳು ಕಾಣಿಸಿಕೊಳ್ಳುತ್ತವೆ. ಜಿ-9 ಸೇರಿದ ಕ್ಯಾವೆಂಡಿಷ್ ಗುಂಪಿನ ಬಾಳೆಯಲ್ಲಿ ಕುಬ್ಜ ಗಿಡಗಳೇ ಇದರಲ್ಲಿ ಹೆಚ್ಚು. ಹೆಸರುಳ್ಳ ಪ್ರಯೋಗಾಲಯಗಳು ಎಂಟರ ಆಸುಪಾಸಿನಲ್ಲಿ ಸುತ್ತು ನಿಲ್ಲಿಸಿ ತೋಟದಿಂದ ಹೊಸ ಕಂದು ತರುವುದು ಇದೇ ಕಾರಣಕ್ಕೆ. ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ 2006ರಲ್ಲಿ ತಂದ ಟಿಶ್ಯೂ ಕಲ್ಚರ್ ಸಸಿಗಳ ರಾಷ್ಟ್ರೀಯ ಪ್ರಮಾಣೀಕರಣ ವ್ಯವಸ್ಥೆ ವೈರಸ್ ಪರೀಕ್ಷೆಯ ಜೊತೆಗೆ ಸಸಿಗಳು ತಾಯಿಯನ್ನು ಹೋಲುತ್ತವೆಯೇ ಎಂಬುದನ್ನೂ ನೋಡುತ್ತದೆ.

ಅಡಿಕೆಗೆ ಒಂದೇ ಸುಳಿ

ಅಡಿಕೆ ಮರಕ್ಕೆ ಕಂದು ಇಲ್ಲ, ಕೊಂಬೆ ಇಲ್ಲ. ಬೆಳೆಯುವ ಸುಳಿ ಒಂದೇ. ಅದನ್ನು ಕತ್ತರಿಸಿದರೆ ಮರವೇ ಹೋಯಿತು. ರೋಗದ ನಡುವೆ ಉಳಿದ ಅಪರೂಪದ ಮರವನ್ನು ಕೊಂದು ಸಸಿ ಮಾಡುವುದರಲ್ಲಿ ಅರ್ಥವಿಲ್ಲ. ಆದ್ದರಿಂದ ಸಂಶೋಧಕರು ಹಾಳೆಯೊಳಗೆ ಇನ್ನೂ ಬಿರಿಯದ ಎಳೆಯ ಹಿಂಗಾರವನ್ನು ತೆಗೆದುಕೊಳ್ಳುತ್ತಾರೆ. ಒಂದು ಹಿಂಗಾರ ತೆಗೆದರೆ ಮರಕ್ಕೆ ಒಂದು ಗೊನೆ ನಷ್ಟ, ಅಷ್ಟೇ.

ಆದರೆ ಹಿಂಗಾರದ ಕೋಶಗಳು ಹೂವಾಗಲು ಹೊರಟಿರುವ ಕೋಶಗಳು. ಅವುಗಳಿಂದ ಗಿಡ ಬೇಕೆಂದರೆ ಮೊದಲು ಆ ದಾರಿಯಿಂದ ಹಿಂದಕ್ಕೆ ಎಳೆಯಬೇಕು, ತಮ್ಮ ಗುರುತು ಮರೆತು ಕ್ಯಾಲಸ್ ಆಗುವಂತೆ ಮಾಡಬೇಕು. ಆಮೇಲೆ ಆ ಕ್ಯಾಲಸ್‌ನಲ್ಲಿ ಬೀಜದೊಳಗಿನ ಭ್ರೂಣದಂಥದ್ದೇ ಭ್ರೂಣ ಮೂಡಬೇಕು. ಪರಾಗವಿಲ್ಲ, ಅಂಡವಿಲ್ಲ, ಬರೀ ರಾಸಾಯನಿಕ ಸೂಚನೆಯಿಂದ ಭ್ರೂಣ! ಇದಕ್ಕೆ ಸೌಮ್ಯವಾದ ಆಕ್ಸಿನ್ ಸಾಲದು. ಪ್ರಬಲವಾದದ್ದು ಬೇಕು, ಕೋಶ ಸುಲಭವಾಗಿ ಕರಗಿಸಿಕೊಳ್ಳಲಾಗದಂಥದ್ದು ಬೇಕು. ಸಿಪಿಸಿಆರ್‌ಐ ಸಂಶೋಧಕರು 2004ರಲ್ಲಿ ಪ್ರಕಟಿಸಿದ ವಿಧಾನದಲ್ಲಿ ಅಡಿಕೆಗೆ ಚೆನ್ನಾಗಿ ಒಗ್ಗಿದ್ದು ಪಿಕ್ಲೋರಾಮ್. ಹೆಚ್ಚಿನ ಪ್ರಮಾಣದಿಂದ ಶುರುಮಾಡಿ ಮಾಧ್ಯಮ ಬದಲಿಸುತ್ತ ಮೆಟ್ಟಿಲು ಮೆಟ್ಟಿಲಾಗಿ ಇಳಿಸಬೇಕು. ಹಾರ್ಮೋನೇ ಇಲ್ಲದ ಮಾಧ್ಯಮಕ್ಕೆ ಬಂದಾಗ ಭ್ರೂಣಗಳು ಮೂಡುತ್ತವೆ. ಭ್ರೂಣ ಮೊಳೆಯಲು ಮತ್ತೆ ಸೈಟೋಕೈನಿನ್ ಬೇಕು.

ಇದರಲ್ಲಿ ಒಂದು ಸೂಕ್ಷ್ಮವಿದೆ. ಆಕ್ಸಿನ್ ಕೊಟ್ಟಾಗ ಕೋಶಕ್ಕೆ ಭ್ರೂಣವಾಗುವ ಸಾಮರ್ಥ್ಯ ಬರುತ್ತದೆ, ಆದರೆ ಅದೇ ಆಕ್ಸಿನ್ ಇರುವ ತನಕ ಭ್ರೂಣ ರೂಪ ತಳೆಯುವುದಿಲ್ಲ. ಕೊಟ್ಟು, ಸರಿಯಾದ ಹೊತ್ತಿಗೆ ಹಿಂತೆಗೆದುಕೊಳ್ಳಬೇಕು. ಬೇಗ ತೆಗೆದರೆ ಕ್ಯಾಲಸ್ ಬಾಡುತ್ತದೆ, ತಡವಾದರೆ ಮುದ್ದೆಯಾಗಿಯೇ ಬೆಳೆಯುತ್ತದೆ. ಸರಿಯಾದ ಹೊತ್ತು ಮರದಿಂದ ಮರಕ್ಕೆ, ಹಿಂಗಾರದ ಪ್ರಾಯದಿಂದ ಪ್ರಾಯಕ್ಕೆ ಬದಲಾಗುತ್ತದೆ. ಒಂದು ಮರಕ್ಕೆ ಹೊಂದಿದ ಪಾಕ ಪಕ್ಕದ ಮರಕ್ಕೆ ಹೊಂದದಿರಬಹುದು.

ಇನ್ನೊಂದು ತೊಡಕು ಅಡಿಕೆ ಬೆಳೆಗಾರರಿಗೆ ಚಿರಪರಿಚಿತ. ಹಸಿ ಅಡಿಕೆ ಬೇಯಿಸಿದಾಗ ಬರುವ ಚೊಗರು ನೆನಪಿಸಿಕೊಳ್ಳಿ. ಅಂಥ ಫಿನಾಲಿಕ್ ವಸ್ತುಗಳು ಮರದ ಉಳಿದ ಭಾಗಗಳಲ್ಲೂ ಇವೆ. ಚೂರು ಮಾಡಿದ ಅಂಗಾಂಶಕ್ಕೆ ಗಾಳಿ ತಾಕಿದಾಗ ಅವು ಕಪ್ಪಾಗುತ್ತವೆ, ಹಾಗೆ ಹುಟ್ಟುವ ವಸ್ತುಗಳು ಕೋಶಗಳಿಗೆ ವಿಷ. ಅವನ್ನು ಹೀರಿಕೊಳ್ಳಲೆಂದು ತಾಳೆ ಜಾತಿಯ ಮರಗಳ ಅಂಗಾಂಶ ಕೃಷಿಯಲ್ಲಿ ಮಾಧ್ಯಮಕ್ಕೆ ಇದ್ದಿಲ ಪುಡಿ ಬೆರೆಸುವುದುಂಟು. ಇದ್ದಿಲು ವಿಷವನ್ನು ಹೀರಿಕೊಳ್ಳುತ್ತದೆ, ಜೊತೆಗೆ ನಾವು ಹಾಕಿದ ಹಾರ್ಮೋನನ್ನೂ ಹೀರಿಕೊಳ್ಳುತ್ತದೆ. ಕೋಶಕ್ಕೆ ನಿಜವಾಗಿ ತಲುಪಿದ್ದು ಎಷ್ಟೆಂಬುದು ಚೀಟಿಯಲ್ಲಿ ಬರೆದ ಪ್ರಮಾಣದಿಂದ ತಿಳಿಯುವುದಿಲ್ಲ. ತೆಂಗಿನ ಅಂಗಾಂಶ ಕೃಷಿ ಹಲವು ದಶಕ ಒಂದು ಪ್ರಯೋಗಾಲಯದಲ್ಲಿ ಗೆದ್ದು ಇನ್ನೊಂದರಲ್ಲಿ ಸೋಲುತ್ತ ಬಂದದ್ದಕ್ಕೆ ಇದೂ ಒಂದು ಕಾರಣ.

ಕಳೆನಾಶಕ ಹಾಕಿ ಸಸಿ ಬೆಳೆಸುತ್ತಾರೆಯೇ?

ಪಿಕ್ಲೋರಾಮ್ ಕಳೆನಾಶಕವೂ ಹೌದು. ತೆಂಗು ಮತ್ತು ತಾಳೆಯಲ್ಲಿ ಬಳಸುವ 2,4-ಡಿ ಅಂತೂ ನಮ್ಮ ಹೊಲಗಳಲ್ಲಿ ಸಿಂಪಡಿಸುವ ಹಳೆಯ ಕಳೆನಾಶಕ. ಇದನ್ನು ಕೇಳಿದವರಿಗೆ ಗಾಬರಿಯಾಗುವುದು ಸಹಜ.

ಎರಡೂ ಕೃತಕ ಆಕ್ಸಿನ್‌ಗಳು. ಗಿಡದ ಸ್ವಂತ ಆಕ್ಸಿನ್ ಕೆಲಸ ಮುಗಿದೊಡನೆ ಒಡೆದುಹೋಗುತ್ತದೆ. ಇವು ಹಾಗೆ ಬೇಗ ಒಡೆಯುವುದಿಲ್ಲ, ಸೂಚನೆ ನಿಲ್ಲುವುದಿಲ್ಲ. ಹೊಲದಲ್ಲಿ ಸಿಂಪಡಿಸಿದ ಪ್ರಮಾಣದಲ್ಲಿ ಅಗಲ ಎಲೆಯ ಕಳೆ ಅಡ್ಡಾದಿಡ್ಡಿ ಬೆಳೆದು, ತಿರುಚಿಕೊಂಡು ಸಾಯುತ್ತದೆ. ಬಾಟಲಿಯಲ್ಲಿ, ಲೀಟರಿಗೆ ಮಿಲಿಗ್ರಾಂ ಲೆಕ್ಕದಲ್ಲಿ, ಅದೇ ನಿಲ್ಲದ ಸೂಚನೆ ಕೋಶವನ್ನು ವಿಭಜನೆಗೆ ಹಚ್ಚುತ್ತದೆ. ಮುಂದೆ ಹಾರ್ಮೋನಿಲ್ಲದ ಮಾಧ್ಯಮ, ಆಮೇಲೆ ನರ್ಸರಿ, ಆಮೇಲೆ ತೋಟದಲ್ಲಿ ವರ್ಷಗಳ ಬೆಳವಣಿಗೆ. ಬಾಟಲಿಯಲ್ಲಿ ಅಂಟಿದ್ದ ಅಂಶ ಮುಂದೆ ಬಿಡುವ ಅಡಿಕೆಯಲ್ಲಿ ಉಳಿದಿರುತ್ತದೆಂದು ಹೆದರಲು ಕಾರಣವಿಲ್ಲ. ಹೆದರಬೇಕಾದ ವಿಷಯ ಬೇರೊಂದಿದೆ. ಅದು ರಾಸಾಯನಿಕದ ಶೇಷವಲ್ಲ, ಆ ರಾಸಾಯನಿಕ ಕೋಶದ ನೆನಪಿನಲ್ಲಿ ಬಿಟ್ಟುಹೋಗುವ ಗುರುತು.

ಎಣ್ಣೆತಾಳೆ ಕಲಿಸಿದ ಪಾಠ

ಅಡಿಕೆಯಂತೆ ಎಣ್ಣೆತಾಳೆಯೂ ಒಂದೇ ಸುಳಿಯ ಮರ. 1970ರ ದಶಕದಲ್ಲೇ ಅದರ ಅಂಗಾಂಶ ಕೃಷಿ ಸಾಧ್ಯವಾಯಿತು. ಹೆಚ್ಚು ಎಣ್ಣೆ ಕೊಡುವ ಮರಗಳ ಪ್ರತಿಗಳನ್ನು ಕ್ಯಾಲಸ್ ಮತ್ತು ಭ್ರೂಣಗಳ ಹಾದಿಯಲ್ಲಿ ತಯಾರಿಸಿ ನೆಟ್ಟರು. ಸಸಿಗಳು ನೋಡಲು ಚೆನ್ನಾಗಿದ್ದವು. ಎಲೆ, ಕಾಂಡ, ಎತ್ತರ, ಯಾವುದರಲ್ಲೂ ಕುಂದಿರಲಿಲ್ಲ. 1980ರ ದಶಕದಲ್ಲಿ ಮರಗಳು ಹೂ ಬಿಟ್ಟಾಗ ಮಾತ್ರ ಕೇಡು ಕಾಣಿಸಿತು. ಕೆಲವು ಮರಗಳ ಹಣ್ಣಿನ ಸುತ್ತ ಹೆಚ್ಚುವರಿ ಹೊದಿಕೆಗಳು ಬೆಳೆದಿದ್ದವು. ಕೇಸರವಾಗಬೇಕಿದ್ದ ಭಾಗಗಳು ಕಾಯಿಯ ಭಾಗಗಳಾಗಿ ಬದಲಾಗಿದ್ದವು. ತೀವ್ರವಾಗಿ ಕೆಟ್ಟ ಮರಗಳಲ್ಲಿ ಹಣ್ಣೇ ನಿಲ್ಲಲಿಲ್ಲ. ಗೊಬ್ಬರ, ನೀರು, ಕೂಲಿ, ವರ್ಷಗಳು, ಎಲ್ಲವೂ ವ್ಯರ್ಥವಾದವು.

ಕಾರಣ ಹುಡುಕಿದವರಿಗೆ ಬಹುಕಾಲ ದಿಕ್ಕು ತೋಚಲಿಲ್ಲ. ವಂಶವಾಹಿಯ ಅಕ್ಷರಗಳು ತಾಯಿಮರದಲ್ಲಿದ್ದಂತೆಯೇ ಇದ್ದವು. 2015ರಲ್ಲಿ ಮಲೇಷ್ಯಾದ ತಾಳೆ ಎಣ್ಣೆ ಮಂಡಳಿಯ ವಿಜ್ಞಾನಿಗಳು ಮತ್ತು ಅವರ ಸಂಗಡಿಗರು ಉತ್ತರ ಕೊಟ್ಟರು. ಹೂವಿನ ಭಾಗಗಳನ್ನು ರೂಪಿಸುವ ಒಂದು ವಂಶವಾಹಿಯ ನಡುವೆ, ಜಾಗ ಬದಲಿಸಬಲ್ಲ ಡಿಎನ್‌ಎ ತುಣುಕೊಂದು ಹಿಂದಿನಿಂದಲೂ ಕುಳಿತಿದೆ. ವಿಜ್ಞಾನ ಅದಕ್ಕೆ ಇಟ್ಟ ಹೆಸರು ‘ಕರ್ಮ’. ಮಾಮೂಲಿ ಮರದಲ್ಲಿ ಆ ತುಣುಕಿನ ಮೇಲೆ ಮೀಥೈಲ್ ಎಂಬ ಸಣ್ಣ ರಾಸಾಯನಿಕ ಗುರುತುಗಳು ದಟ್ಟವಾಗಿ ಅಂಟಿರುತ್ತವೆ, ಅದು ಸುಮ್ಮನಿರುತ್ತದೆ. ಅಂಗಾಂಶ ಕೃಷಿಯಲ್ಲಿ ಕೆಲವು ಕೋಶಗಳಲ್ಲಿ ಆ ಗುರುತುಗಳು ಕಳಚಿಹೋಗಿದ್ದವು. ಆಗ ಹೂವಿನ ವಂಶವಾಹಿಯ ಓದು ದಾರಿ ತಪ್ಪುತ್ತದೆ. ಹಣ್ಣು ಕೆಡುತ್ತದೆ.

ಕೋಶ ವಿಭಜನೆಗೂ ಇದಕ್ಕೂ ಇರುವ ನಂಟು ಹೀಗೆ. ಕೋಶ ಎರಡಾದಾಗಲೆಲ್ಲ ಡಿಎನ್‌ಎ ಅಕ್ಷರಗಳ ಜೊತೆಗೆ ಈ ಗುರುತುಗಳನ್ನೂ ಹೊಸ ಪ್ರತಿಗೆ ಮತ್ತೆ ಬರೆಯಬೇಕು. ಹಾರ್ಮೋನಿನ ಒತ್ತಡದಲ್ಲಿ ತಿಂಗಳುಗಟ್ಟಲೆ, ಗೊತ್ತುಗುರಿಯಿಲ್ಲದ ಮುದ್ದೆಯಾಗಿ ಕೋಶಗಳು ಎರಡಾಗುತ್ತ ಹೋದರೆ ಆ ಬರವಣಿಗೆ ತಪ್ಪಲು ಅವಕಾಶ ಹೆಚ್ಚು. ಎಣ್ಣೆತಾಳೆಯಲ್ಲಿ ಎರಡು ಬಗೆಯ ಕ್ಯಾಲಸ್ ಸಿಗುತ್ತದೆ. ಗಂಟುಗಂಟಾಗಿ ನಿಧಾನವಾಗಿ ಬೆಳೆಯುವುದೊಂದು, ಮೆತ್ತಗೆ ವೇಗವಾಗಿ ಹಬ್ಬುವುದು ಇನ್ನೊಂದು. ನಿಧಾನದ ಕ್ಯಾಲಸ್‌ನಿಂದ ಬಂದ ಮರಗಳಲ್ಲಿ ಕೆಟ್ಟದ್ದು ಕೆಲವೇ. ವೇಗದ್ದರಿಂದ ಬಂದವುಗಳಲ್ಲಿ ಬಹುಪಾಲು ಮರಗಳು ಕೆಟ್ಟ ಹಣ್ಣು ಬಿಟ್ಟವು. ಬೇಗ ಹೆಚ್ಚು ಸಸಿ ಕೊಡುವ ದಾರಿಯೇ ಹೆಚ್ಚು ಕೆಟ್ಟ ಸಸಿ ಕೊಡುವ ದಾರಿಯೂ ಆಗಿತ್ತು.

ಖರ್ಜೂರದಲ್ಲೂ ಹೀಗಾದದ್ದುಂಟು. ಬಾರ್ಹಿ ತಳಿಯ ಕೆಲವು ಟಿಶ್ಯೂ ಕಲ್ಚರ್ ಮರಗಳಲ್ಲಿ ಹೂ ಬಂದರೂ ಕಾಯಿ ಸರಿಯಾಗಿ ಕಟ್ಟಲಿಲ್ಲ. ಹಾಗೆಂದು ಇಡೀ ತಂತ್ರವನ್ನೇ ತಿರಸ್ಕರಿಸಬೇಕಿಲ್ಲ. ಗುಜರಾತಿನ ಕಚ್ಛ್‌ನಲ್ಲಿ ಟಿಶ್ಯೂ ಕಲ್ಚರ್ ಖರ್ಜೂರದ ತೋಟಗಳು ಫಸಲು ಕೊಡುತ್ತಿವೆ. ಎಣ್ಣೆತಾಳೆಯಲ್ಲಂತೂ ‘ಕರ್ಮ’ದ ಗುರುತುಗಳನ್ನು ಎಳೆಯ ಸಸಿಯ ಎಲೆಯಲ್ಲೇ ಪರೀಕ್ಷಿಸಿ, ಕೆಡುವ ಸಸಿಯನ್ನು ಬಾಟಲಿಯ ಹಂತದಲ್ಲೇ ಬೇರ್ಪಡಿಸುವ ದಾರಿ ತೆರೆದಿದೆ.

ವಾದಗಳು ಎಲ್ಲಿ ಎದುರಾಗುತ್ತವೆ

ಬೆಳೆಗಾರರ ಒಂದು ವರ್ಗ ಹೇಳುವುದು ಹೀಗೆ: ಹಳದಿ ರೋಗಕ್ಕೆ ಕಾರಣ ಫೈಟೋಪ್ಲಾಸ್ಮಾ ಎಂಬ ಸೂಕ್ಷ್ಮಜೀವಿ. ಅದು ಮರದ ಆಹಾರ ಸಾಗಿಸುವ ನಾಳಗಳಲ್ಲಿ ಕೂತಿರುತ್ತದೆ, ಜಿಗಿಹುಳು ಜಾತಿಯ ಕೀಟ ಅದನ್ನು ಮರದಿಂದ ಮರಕ್ಕೆ ಒಯ್ಯುತ್ತದೆ. ವಾಸಿ ಮಾಡುವ ಔಷಧಿ ಇಲ್ಲ. ತೋಟ ಹೇಗೂ ಹೋಗುತ್ತಿದೆ. ನೂರರಲ್ಲಿ ಹತ್ತು ಸಸಿ ಕೆಟ್ಟರೂ ಉಳಿದ ತೊಂಬತ್ತು ಸಿಗಲಿ. ಪರೀಕ್ಷೆ ನಮ್ಮ ತೋಟದಲ್ಲೇ ಆಗಲಿ.

ಈ ಮಾತಿನಲ್ಲಿ ನೋವಿದೆ, ಅದನ್ನು ತಳ್ಳಿಹಾಕಲಾಗದು. ಆದರೆ ನೂರರಲ್ಲಿ ಕೆಡುವುದು ಹತ್ತೇ ಎಂದು ಯಾರೂ ಭರವಸೆ ಕೊಡಲಾರರು. ಎಣ್ಣೆತಾಳೆಯಲ್ಲಿ ಅದು ಯಾವ ಕ್ಯಾಲಸ್, ಯಾವ ಮರ, ಎಷ್ಟು ಕಾಲ ಎಂಬುದರ ಮೇಲೆ ಕೆಲವೇ ಮರಗಳಿಂದ ಬಹುಪಾಲು ಮರಗಳವರೆಗೆ ಏರಿಳಿಯಿತು.

ವಿಜ್ಞಾನಿಗಳ ಎಚ್ಚರಿಕೆಗೆ ಇನ್ನೊಂದು ಕಾರಣವಿದೆ. ರೋಗದ ತೋಟದಲ್ಲಿ ಹಸಿರಾಗಿ ನಿಂತ ಮರಕ್ಕೆ ನಿಜವಾಗಿ ತಾಳಿಕೆ ಇದೆಯೇ, ಅಥವಾ ಕೀಟ ಇನ್ನೂ ಅದನ್ನು ಮುಟ್ಟಿಲ್ಲವೇ? ಕಣ್ಣಿನಿಂದ ಹೇಳಲಾಗದು. ರೋಗಾಣು ಇದೆಯೇ ಎಂದು ಪಿಸಿಆರ್ ಪರೀಕ್ಷೆ ಹೇಳುತ್ತದೆ, ತಾಳಿಕೆ ಇದೆಯೇ ಎಂದು ಹೇಳುವುದಿಲ್ಲ. ತಪ್ಪಿಸಿಕೊಂಡ ಮರವನ್ನು ತಾಳಿಕೊಂಡ ಮರವೆಂದು ಭಾವಿಸಿ ಹತ್ತು ಸಾವಿರ ಪ್ರತಿ ಮಾಡಿದರೆ, ಹತ್ತು ಸಾವಿರ ಸಸಿಗೂ ರೋಗ ಬರುತ್ತದೆ.

ಹಾಗಾದರೆ ಬೀಜದಿಂದಲೇ ಸಸಿ ಮಾಡಬಾರದೇ ಎಂಬುದು ಮೂರನೆಯ ವಾದ. ಹಸಿರು ಮರಗಳ ನಡುವೆಯೇ ಪರಾಗಸ್ಪರ್ಶ ಮಾಡಿಸಿ ಗೋಟು, ಅಂದರೆ ಬಲಿತ ಹಣ್ಣಡಿಕೆ ಆರಿಸಿ ಸಸಿ ಮಾಡುವುದು ಅಗ್ಗ, ಹೂವು ಕೆಡುವ ಭಯವೂ ಇಲ್ಲ. ಆದರೆ ಅಡಿಕೆಯಲ್ಲಿ ಪರಕೀಯ ಪರಾಗಸ್ಪರ್ಶವೇ ಹೆಚ್ಚು, ತಾಯಿಯ ಗುಣ ಪ್ರತಿ ಸಸಿಗೂ ಬರುವ ಖಾತ್ರಿಯಿಲ್ಲ. ಗುಣವನ್ನು ಹಾಗೆಯೇ ಉಳಿಸುವುದರಲ್ಲಿ ಅಂಗಾಂಶ ಕೃಷಿಗೆ ಸಾಟಿಯಿಲ್ಲ. ಸಿಪಿಸಿಆರ್‌ಐಯ ವಿಟ್ಲ ಕೇಂದ್ರದಿಂದ ಬಂದ ಕುಬ್ಜ ಸಂಕರ ತಳಿಗಳಿಗೂ ಇದೇ ತಂತ್ರ ಬೇಕಾಗಿರುವುದು ಅದಕ್ಕೇ. ಹಿರೇಹಳ್ಳಿ ಕುಬ್ಜವನ್ನು ಸುಮಂಗಳ, ಮೋಹಿತ್‌ನಗರ ತಳಿಗಳೊಡನೆ ಕೂಡಿಸಿ ಮಾಡಿದ ಆ ಮರಗಳ ಬೀಜ ಹಾಕಿದರೆ ಕುಬ್ಜತನ ಒಂದೇ ಸಮನಾಗಿ ಉಳಿಯುವುದಿಲ್ಲ.

ಈ ವಾದಗಳಲ್ಲಿ ಒಂದನ್ನೇ ಆರಿಸಬೇಕೆಂಬುದು ತಪ್ಪು ಎಂದು ಈ ಲೇಖಕನ ಅಭಿಪ್ರಾಯ. ಟಿಶ್ಯೂ ಕಲ್ಚರ್ ಸಸಿ, ಬೀಜದ ಸಸಿ ಎರಡನ್ನೂ ರೋಗ ಹಬ್ಬಿದ ತೋಟಗಳಲ್ಲೇ ಅಕ್ಕಪಕ್ಕ ನೆಟ್ಟು ನೋಡುವ ಪ್ರಯೋಗ ತಾಕುಗಳು ಬೇಕು. ಅಲ್ಲಿ ನಷ್ಟವಾದರೆ ಹೊರುವ ಹೊಣೆ ಸರ್ಕಾರದ್ದಾಗಬೇಕು, ಜಾಗ ಕೊಟ್ಟ ರೈತನದ್ದಲ್ಲ.

ತಪ್ಪಿದರೆ ಆಗುವುದೇನು?

ಬಾಳೆಯಲ್ಲಿ ತಪ್ಪು ಒಂದು ವರ್ಷದೊಳಗೆ ಗೊತ್ತಾಗುತ್ತದೆ. ಗಿಡ ಕಿತ್ತು ಬೇರೆ ಹಾಕಬಹುದು. ಅಡಿಕೆ ಹಿಂಗಾರ ಬಿಡಲು ನಾಲ್ಕೈದು ವರ್ಷ, ಫಸಲು ನೆಲೆಗೊಳ್ಳಲು ಇನ್ನೂ ಕೆಲವು ವರ್ಷ. ಹೂವಿನಲ್ಲಿ ಅಡಗಿರುವ ದೋಷ ಅಷ್ಟು ಕಾಲ ಯಾರ ಕಣ್ಣಿಗೂ ಬೀಳುವುದಿಲ್ಲ. ಅಷ್ಟರಲ್ಲಿ ಅದೇ ಕ್ಯಾಲಸ್‌ನಿಂದ ಇನ್ನಷ್ಟು ಸಸಿಗಳು ಮಾರಾಟವಾಗಿರುತ್ತವೆ.

ಒಂದೆರಡೇ ತಾಯಿಮರಗಳ ಪ್ರತಿಗಳಿಂದ ಇಡೀ ಪ್ರದೇಶ ತುಂಬಿದರೆ ಇನ್ನೊಂದು ಅಪಾಯವಿದೆ. ಮಲೆನಾಡಿನಲ್ಲಿ ಈಚೆಗೆ ಕಾಡಿದ ಎಲೆಚುಕ್ಕಿ ರೋಗ ತೋಟದಿಂದ ತೋಟಕ್ಕೆ ಎಷ್ಟು ಬೇಗ ಹಬ್ಬಬಲ್ಲದೆಂದು ಬೆಳೆಗಾರರು ಕಣ್ಣಾರೆ ಕಂಡಿದ್ದಾರೆ. ಹಳದಿ ರೋಗಕ್ಕೆ ತಾಳಿಕೆಯಿರುವ ಮರಕ್ಕೆ ಎಲೆಚುಕ್ಕಿಗೂ ತಾಳಿಕೆ ಇರಬೇಕೆಂದಿಲ್ಲ. ಎಲ್ಲ ಮರಗಳೂ ಒಂದೇ ಮರದ ಪ್ರತಿಗಳಾಗಿದ್ದರೆ ಒಂದಕ್ಕೆ ಬಂದದ್ದು ಎಲ್ಲಕ್ಕೂ ಬಂದಂತೆ. ಹಲವು ಊರುಗಳ ಹಲವು ಮರಗಳಿಂದ ಹಿಂಗಾರ ಸಂಗ್ರಹಿಸುವುದು ಅದಕ್ಕೇ ಅಗತ್ಯ.

ಕ್ಯಾಲಸ್‌ನ ಹಾದಿಯನ್ನೇ ಬಿಟ್ಟು ಬಾಳೆಯ ಹಾದಿಗೆ ಬರುವ ಯತ್ನವೂ ನಡೆದಿದೆ. ಬೆಲ್ಜಿಯಂನ ಲ್ಯೂವೆನ್‌ನಲ್ಲಿ ತೆಂಗಿನ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಕೆಲಸದಲ್ಲಿ, ಥಿಡಯಾಜುರಾನ್ ಎಂಬ ಪ್ರಬಲ ಸೈಟೋಕೈನಿನ್ ಮಾದರಿಯ ವಸ್ತು ಬಳಸಿ ಎಳೆಯ ಸುಳಿಯ ಪಕ್ಕದಿಂದ ಹೊಸ ಚಿಗುರುಗಳನ್ನು ಹೊರಡಿಸಿದರು. ಎಂದೂ ಕವಲೊಡೆಯದ ತೆಂಗು ಬಾಟಲಿಯೊಳಗೆ ಬಾಳೆಯಂತೆ ಗುಂಪಾಗಿ ಚಿಗುರಿತು. ಆದರೆ ಆ ವಿಧಾನ ಬೀಜದ ಭ್ರೂಣದಿಂದ ಶುರುವಾಗುತ್ತದೆ, ಪರೀಕ್ಷೆ ಗೆದ್ದ ಬೆಳೆದ ಮರದಿಂದಲ್ಲ. ಹಳದಿ ರೋಗದ ನಡುವೆ ನಿಂತ ಮರದ ಪ್ರತಿ ಬೇಕಾದವರಿಗೆ ಸದ್ಯಕ್ಕೆ ಹಿಂಗಾರದ ದಾರಿಯೇ ಗತಿ.

ಸಸಿಗಳು ಮಾರಾಟಕ್ಕೆ ಬಂದ ದಿನ ಬೆಳೆಗಾರ ಕೇಳಬೇಕಾದ ಪ್ರಶ್ನೆಗಳು ಕೆಲವಿವೆ. ತಾಯಿಮರ ಯಾವ ಊರಿನದು, ರೋಗದ ನಡುವೆ ಎಷ್ಟು ವರ್ಷ ನಿಂತಿದೆ? ಕ್ಯಾಲಸ್ ಎಷ್ಟು ತಿಂಗಳು ಬಾಟಲಿಯಲ್ಲಿ ಇತ್ತು? ಅದೇ ಕ್ಯಾಲಸ್‌ನ ಸಸಿಗಳು ಎಲ್ಲಾದರೂ ಹಿಂಗಾರ ಬಿಟ್ಟಿವೆಯೇ, ಆ ತೋಟವನ್ನು ಹೋಗಿ ನೋಡಬಹುದೇ? ಕೊನೆಯ ಪ್ರಶ್ನೆಗೆ ಹೌದೆಂಬ ಉತ್ತರ ಬಾರದಿದ್ದರೆ, ಎಕರೆಗಟ್ಟಲೆ ಹಾಕುವ ಬದಲು ಹತ್ತಿಪ್ಪತ್ತು ಸಸಿ ನೆಟ್ಟು ಐದು ವರ್ಷ ಕಾಯುವುದು ಒಳಿತು.